ಬೇಸಿಗೆ ಶಾಲೆಯಿಂದ ಬಂದ ಮೇಡಂ

ನಮ್ಮ ಮನೆಯವರು ವಿದ್ಯುತ್ ಇಲಾಖೆಯಲ್ಲಿ ಮೀಟರ್ ಪರೀಕ್ಷೆ ಮಾಡುತ್ತಿದ್ದವರು. ನಿವೃತ್ತರಾದ ಮೇಲೂ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಹೋಗಿ, ಜಯನಗರದ ನಮ್ಮ ಮನೆಯ ಗೇಟಿನ ಪಕ್ಕದಲ್ಲಿರುವ ಮೀಟರ್ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿಸಿ ಮನೆಯ ಕಡೆ ತಿರುಗಿ, "ಏ ಇವಳೇ, ಸರಿ ಇದೆಯೇನೇ?" ಎಂದು ಕೇಳುತ್ತಾರೆ. ಒಳಗಿನಿಂದ "ಸರಿ ಇದೆ, ಬನ್ನಿ ರೀ" ಎನ್ನಬೇಕು. ಎಂದರೆ ಬರುತ್ತಾರೆ. ಇಲ್ಲದಿದ್ದರೆ ಅಲ್ಲೇ ನಿಂತಿರುತ್ತಾರೆ.

ಮೊದಲು ಇದು ಮನೆಯೊಳಗಿನ ತಮಾಷೆಯಾಗಿತ್ತು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುವವಳಿಗೆ ಮೀಟರಿನ ಅಂಕಿ ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ಆದರೂ ಸರಿ ಇದೆ ಎನ್ನುತ್ತಿದ್ದೆ. ಅವರಿಗೆ ಮರೆವಿನ ಕಾಯಿಲೆ ಶುರುವಾದ ಮೇಲೆ ಆ ತಮಾಷೆಯೇ ನಮ್ಮ ದಿನಕ್ಕೆ ಆಧಾರವಾಯಿತು. ಜೊತೆಯಲ್ಲಿ ಕೆಲಸ ಮಾಡಿದವರ ಮುಖ ಮರೆತರು. ನಾವು ದಿನವೂ ಹೋಗುವ ಪಾರ್ಕಿನ ದಾರಿ ಮರೆತರು. ಮೀಟರ್ ಓದುವುದನ್ನು ಮಾತ್ರ ಮರೆಯಲಿಲ್ಲ. ಬನಶಂಕರಿಯ ವೈದ್ಯರಿಗೆ ಇದನ್ನು ಹೇಳಿದಾಗ ಅವರು, "ಹೆಸರು ಹೋಗತ್ತೆ ಮೇಡಂ, ತಾರೀಖು ಹೋಗತ್ತೆ. ದಿನದ ಅಭ್ಯಾಸ ಇದೆಯಲ್ಲ, ಅದು ತುಂಬ ದಿನ ಉಳಿಯತ್ತೆ. ಅದನ್ನ ಮಾತ್ರ ಕದಲಿಸ್ಬೇಡಿ" ಎಂದರು.

ಈ ಮಾತನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು ಎನ್ನುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಆಮೇಲೆ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಿವೃತ್ತಿಯವರೆಗೆ ಜೀವಶಾಸ್ತ್ರ ಪಾಠ ಮಾಡಿದೆ. ಅಲ್ಲೂ ಗಂಟೆ. ಹಾಗಾಗಿ ಮನೆಯ ದಿನವನ್ನು ಶಾಲೆಯ ವೇಳಾಪಟ್ಟಿಯಂತೆ ಕಟ್ಟಿದೆ. ಕಾಫಿ, ಮೀಟರ್, ಸ್ನಾನ, ತಿಂಡಿ, ಪತ್ರಿಕೆ, ಪಾರ್ಕು, ಊಟ, ನಿದ್ದೆ, ಮತ್ತೆ ಕಾಫಿ, ಹೊತ್ತು ಮುಳುಗುವಾಗ ದೀಪ. ಒಂದರ ಕೈ ಹಿಡಿದುಕೊಂಡು ಅವರು ಇನ್ನೊಂದಕ್ಕೆ ದಾಟುತ್ತಿದ್ದರು. ಅದರೊಳಗೆ ಇರುವಷ್ಟು ಹೊತ್ತು ಅವರಿಗೆ ನಾನು ಯಾರೆಂಬುದು ಗೊತ್ತಿರುತ್ತಿತ್ತು. ನನ್ನ ಹೆಸರು ನೆನಪಿತ್ತೋ ಇಲ್ಲವೋ ಹೇಳಲಾರೆ. ಮದುವೆಯಾದಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಅವರ ತಂದೆಯೂ ಹೆಂಡತಿಯನ್ನು ಹಾಗೆ ಕರೆದವರಲ್ಲ. "ಏ ಇವಳೇ" ಎಂದರೆ ನಾನು, ಅಷ್ಟೇ.

ಬೇಸಿಗೆ ಶಾಲೆಯ ಮಾತು ಮೊದಲು ಎತ್ತಿದವರೂ ಅವರೇ. ಕಾಯಿಲೆಯ ಸುಳಿವೂ ಇಲ್ಲದ ಕಾಲ. ಒಂದು ಭಾನುವಾರ ಪತ್ರಿಕೆಯಿಂದ ತಲೆಯೆತ್ತಿ, "ಏ ಇವಳೇ, ಗಿಡ ಒಣಗಿಸಿ ಹಾಳೆಗೆ ಅಂಟಿಸೋದನ್ನ ಕಲಿಸೋಕೂ ಒಂದು ಯೂನಿವರ್ಸಿಟಿ ಇದೆಯಂತೆ ನೋಡೇ. ಸ್ಕಾಟ್ಲೆಂಡಲ್ಲಿ. ಬೇಸಿಗೇಲಿ ಕೆಲವು ವಾರ. ಯಾವ ವಯಸ್ಸಿನೋರು ಬೇಕಾದ್ರೂ ಸೇರಬಹುದಂತೆ" ಎಂದರು.

"ನಾನು ಅದನ್ನ ಸರ್ವಿಸ್ ಪೂರ್ತಿ ಕಲಿಸಿದೀನಿ ರೀ" ಎಂದೆ. ಸುಳ್ಳಲ್ಲ. ಪ್ರತಿ ವರ್ಷ ಹುಡುಗಿಯರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಉದುರಿದ ಹೂವು ಎಲೆ ಆರಿಸಿ, ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಇಟ್ಟಿಗೆ ಹೇರಿ ಒಣಗಿಸುತ್ತಿದ್ದೆವು.

"ಕಲಿಸಿದೀಯ. ಕಲಿತಿದೀಯಾ?" ಎಂದು ನಕ್ಕರು. ಮರುದಿನವೇ ಸೈಬರ್ ಅಂಗಡಿಗೆ ಹೋಗಿ ಕೂತು, ಆ ಹುಡುಗನ ತಲೆ ತಿಂದು, ಅರ್ಜಿ ಹಾಕಿಸಿ ಬಂದರು.

ಸೀಟು ಸಿಕ್ಕಿದ ವರ್ಷವೇ ಕಾಯಿಲೆ ಇದೆ ಎಂದು ತಿಳಿಯಿತು. ಬರಲಾರೆನೆಂದು ಬರೆದೆ. ಶಾಲೆಯವರು ಮುಂದಿನ ವರ್ಷಕ್ಕೆ ಸೀಟು ಕಾಯ್ದಿರಿಸಿದರು. ಮುಂದಿನ ವರ್ಷ ಬಂತು. ಈ ಸಲ ಬಾರದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇವೆ ಎಂದು ತಿಳಿಸಿದರು. ಬೇಡವೆಂದು ಬರೆಯಲು ಕೂತಿದ್ದೆ. ನಮ್ಮ ಮನೆಯವರು ಪಕ್ಕದಲ್ಲೇ ಕಡಲೆಕಾಯಿ ಸುಲಿಯುತ್ತಿದ್ದರು. ಏನು ಬರೆಯುತ್ತಿದ್ದೀ ಎಂದು ಕೇಳಿದರು. ಹೇಳಿದೆ. ಎಷ್ಟೋ ದಿನದ ಮೇಲೆ ಅವರ ಕಣ್ಣು ಹಳೆಯ ಕಣ್ಣಾಯಿತು.

"ಹೋಗೇ. ಅರ್ಜಿ ಹಾಕಿಸಿದ್ದು ಯಾಕೆ? ನಾನೆಲ್ಲಿ ಓಡಿಹೋಗ್ತೀನಿ, ಇಲ್ಲೇ ಇರ್ತೀನಿ."

ಮರುದಿನ ಆ ಮಾತು ಅವರಿಗೆ ನೆನಪಿರಲಿಲ್ಲ. ನನಗಿತ್ತು. ಹೋಗುವ ಆಸೆಯೂ ಇತ್ತು. ಜೀವನದಲ್ಲಿ ಇನ್ನೊಂದು ಸಲ ಬೆಂಚಿನ ಆ ಕಡೆ ಕೂರುವ ಆಸೆ.

ನನಗಿದ್ದ ಭಯ ಒಂದೇ. ನಾನು ತಿರುಗಿ ಬಂದಾಗ ಅವರಿಗೆ ನನ್ನ ಗುರುತು ಇರಬೇಕು. ಅವರು ನನ್ನನ್ನು ಹಿಡಿದುಕೊಂಡಿರುವುದು ದಿನಚರಿಯ ಮೂಲಕ. ಅದು ಒಂದು ದಿನವೂ ತಪ್ಪದೆ ನಡೆದರೆ, ನಾನು ಬಂದು ನನ್ನ ಜಾಗದಲ್ಲಿ ನಿಂತರಾಯಿತು. ಲೆಕ್ಕ ಬಹಳ ಸರಿಯಾಗಿ ಕಂಡಿತು. ಅದಕ್ಕೆ ಬೇಕಾಗಿದ್ದದ್ದು ನನ್ನ ಹಾಗೆಯೇ ಇರುವ ಒಬ್ಬಳು. ಅವಳು ಶ್ರೀನಗರದಲ್ಲಿದ್ದಳು. ನನ್ನ ತಂಗಿ.

ತಂಗಿಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ. ಮಕ್ಕಳಿಲ್ಲ, ನಮಗೂ ಇಲ್ಲ. ಸೀರೆಗಳಿಗೆ ಕುಚ್ಚು ಕಟ್ಟಿ ಜೀವನ ಮಾಡುತ್ತಾಳೆ. ಮೈಕಟ್ಟು ನನ್ನದೇ, ದನಿಯೂ ನನ್ನದೇ. ಫೋನಿನಲ್ಲಿ ನಮ್ಮಮ್ಮನಿಗೇ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕೇಳಿದ ಕೂಡಲೇ ಒಪ್ಪಿಕೊಂಡು, ಕುಚ್ಚಿನ ದಾರಗಳನ್ನೂ ಚೌಕಟ್ಟನ್ನೂ ಎತ್ತಿಕೊಂಡು, ನಾನು ಹೊರಡುವುದಕ್ಕೆ ಸಾಕಷ್ಟು ಮೊದಲೇ ಬಂದಳು. ತರಬೇತಿ ಶುರು ಮಾಡಿದೆ.

ಡಿಕಾಕ್ಷನ್ ಎಷ್ಟು ಗಟ್ಟಿ ಇರಬೇಕು, ಯಾವ ಲೋಟ, ಲೋಟವನ್ನು ಯಾವ ಕೈಯ ಕಡೆ ಇಡಬೇಕು, ಎಲ್ಲ ಹೇಳಿಕೊಟ್ಟೆ. ಪಾರ್ಕಿನಲ್ಲಿ ಯಾವ ಕಲ್ಲುಬೆಂಚು ಎಂದು ತೋರಿಸಿದೆ. ಉಡಲು ನನ್ನ ಕಾಟನ್ ಸೀರೆಗಳನ್ನು ಕೊಟ್ಟೆ. ನನ್ನದೇ ತಲೆಯೆಣ್ಣೆ, ನನ್ನದೇ ಪೌಡರು. ಅವಳು ಎಲ್ಲವನ್ನೂ ಕಲಿತಳು. ಒಂದಕ್ಕೆ ಮಾತ್ರ ಹಟ ಹಿಡಿದಳು.

"ಅಯ್ಯೋ ಅಕ್ಕ, ಭಾವನ್ನ 'ರೀ' ಅಂತ ಕರೀಲಾ? ನಾಲಿಗೆ ಹೊರಳಲ್ಲ ಕಣೇ."

"ಹೊರಳತ್ತೆ. ಅಭ್ಯಾಸ ಮಾಡು."

"ಭಾವ ಅಂತಲೇ ಕರೆದ್ರೆ ಏನಾಗತ್ತೆ?"

"ಭಾವ ಅಂದ್ರೆ ನೀನು ನೆಂಟಳು ಅಂತ ಗೊತ್ತಾಗತ್ತೆ. ಹಾಗಾದ್ರೆ ಮನೆಯವಳು ಎಲ್ಲಿ ಅಂತ ಹುಡುಕ್ತಾರೆ. ಹುಡುಕೋಕೆ ಶುರು ಮಾಡಿದ್ರೆ ಗೇಟು ದಾಟಿ ಹೋಗ್ತಾರೆ. ಆಮೇಲೆ ಯಾರು ಹಿಡ್ಕೊಂಡು ಬರ್ತಾರೆ?"

"ನೀನು ಮೇಷ್ಟರಾಗಿದ್ದಾಗ ಆ ಹುಡುಗೀರು ಹೇಗೆ ಸಹಿಸ್ಕೊಂಡ್ರೋ" ಎಂದು ಗೊಣಗಿದಳು. ಆದರೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಮೆಲ್ಲಗೆ "ಸರಿ ಇದೆ, ಬನ್ನಿ ರೀ" ಎಂದು ಹೇಳಿ ನೋಡಿಕೊಳ್ಳುತ್ತಿದ್ದಳು. ಅವಳು ಆ ಪದವನ್ನು ಬಿಟ್ಟು ಎಷ್ಟು ವರ್ಷಗಳಾಗಿದ್ದವು ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ಒಂದು ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡು ನಿಂತೆ, ಅವಳು ಒಳಗಿನಿಂದ ಉತ್ತರ ಕೊಟ್ಟಳು. ಅವರು ಮೀಟರ್ ಬಿಟ್ಟು ನೆಟ್ಟಗೆ ಒಳಗೆ ಬಂದರು. ತಂಗಿಯ ಬೆನ್ನು ತಟ್ಟಿದೆ. ಅವಳು ನಗಲಿಲ್ಲ.

ಹೊರಡುವ ದಿನ ಪೆಟ್ಟಿಗೆಯನ್ನು ಮೊದಲೇ ಮೇಲಿನ ಮನೆಯಲ್ಲಿ ಇಟ್ಟಿದ್ದೆ. ಅಲ್ಲಿ ಬಾಡಿಗೆಗಿದ್ದವರು ಆಗಷ್ಟೇ ಖಾಲಿ ಮಾಡಿದ್ದರು. ತರಕಾರಿಗೆ ಹೋಗುವ ಹೊತ್ತಿನಲ್ಲಿ, ತರಕಾರಿಯ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ.

"ಹೋಗ್ಬರ್ತೀನಿ ರೀ."

"ಹೂಂ. ಕರಿಬೇವು ಮರೀಬೇಡ. ಬೇಗ ಬಾ."

ಅಷ್ಟೇ. ಪೆಟ್ಟಿಗೆಯನ್ನು ಆಗಲೇ ಹೇರಿಕೊಂಡ ಕಾರು ಬೀದಿಯ ತಿರುವಿನಲ್ಲಿ ಕಾಯುತ್ತಿತ್ತು.

ನಮ್ಮಲ್ಲಿ ಬೇಸಿಗೆ ಮುಗಿದು, ಮಕ್ಕಳು ಹೊಸ ಯೂನಿಫಾರಂ ಹಾಕಿಕೊಂಡು ಓಡಾಡುವ ಹೊತ್ತಿಗೆ ಅಲ್ಲಿಯವರ ಬೇಸಿಗೆ ಶಾಲೆ. ಬೇಸಿಗೆ ಎನ್ನುವುದು ಹೆಸರಿಗೆ. ನಾನು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡೇ ಇದ್ದೆ. ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಒಂದು ಕೋಣೆ ಕೊಟ್ಟರು. ಕಬ್ಬಿಣದ ಮಂಚ, ಒಂದು ಮೇಜು, ಒಂದು ಕಿಟಕಿ. ನನಗೆ ಹಿಡಿಸಿತು. ಹಿಡಿಸದೇ ಇದ್ದದ್ದು ಬೆಳಕು. ರಾತ್ರಿಯ ಊಟ ಮುಗಿದು ಮಲಗುವ ಹೊತ್ತಾದರೂ ಹೊರಗೆ ಹಗಲೇ. ಇಂಥ ಊರಿನಲ್ಲಿ ದೀಪ ಯಾವಾಗ ಹಚ್ಚುವುದು? ಯೋಚಿಸಿ, ಬೆಂಗಳೂರಿನ ಸಂಜೆಯನ್ನೇ ಹಿಡಿದೆ. ಅದು ಅಲ್ಲಿ ಮಧ್ಯಾಹ್ನದ ಊಟದ ನಂತರದ ತರಗತಿಯ ಹೊತ್ತು. ತರಗತಿಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಆ ಹೊತ್ತಿಗೆ ಮೇಜಿನ ದೀಪದ ಸ್ವಿಚ್ ಒತ್ತಿ, ಒಂದು ಗಳಿಗೆ ಕೈ ಮುಗಿದು, ಮತ್ತೆ ಆರಿಸುತ್ತಿದ್ದೆ. ನಡುಮಧ್ಯಾಹ್ನ ದೀಪ ಹಾಕಿ ಆರಿಸುವ ಮುದುಕಿಯನ್ನು ಎಲ್ಲರೂ ನೋಡುತ್ತಿದ್ದರು. ಯಾರೂ ಕೇಳಲಿಲ್ಲ.

ಕೇಳಿದವಳು ಒಬ್ಬಳೇ, ನಮ್ಮೂರ ಹುಡುಗಿ; ಊರಲ್ಲಿ ಈಗ ದೀಪ ಹಚ್ಚುವ ಹೊತ್ತು ಎಂದೆ. ತರಗತಿಯಲ್ಲಿ ಬಹುತೇಕ ಇಪ್ಪತ್ತರ ಆಸುಪಾಸಿನವರು. ಅವರಲ್ಲಿ ಒಬ್ಬಳು ಬಿಟಿಎಂ ಲೇಔಟಿನವಳು, ಬಿಎಸ್ಸಿ ಓದುತ್ತಿದ್ದಳು. ಮೊದಲ ದಿನವೇ ನನ್ನ ಸೀರೆ ನೋಡಿ ಓಡಿಬಂದಿದ್ದಳು.

"ಆಂಟಿ, ನೀವು ಬೆಂಗಳೂರಾ? ಯಾವ ಏರಿಯಾ?"

"ಜಯನಗರ. ಇಲ್ಲಿ ಆಂಟಿ ಅನ್ಬೇಡಮ್ಮ. ನಾನೂ ಸ್ಟೂಡೆಂಟೇ."

"ಹೆಸರು ಹಿಡ್ದು ಕರೆಯೋಕೆ ಆಗಲ್ಲ ಆಂಟಿ, ನಮ್ಮಮ್ಮ ಸಾಯಿಸ್ಬಿಡ್ತಾರೆ. ನಿಮ್ಮನ್ನ ನೋಡಿದ್ರೆ ಮಿಸ್ ಅಂತಾನೇ ಬಾಯಿಗೆ ಬರತ್ತೆ. ಮಿಸ್ ಅಂತೀನಿ."

ಮಿಸ್ ಆದೆ. ಉಳಿದವರೆಲ್ಲ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಷ್ಟು ಚಿಕ್ಕವರ ಬಾಯಲ್ಲಿ ನನ್ನ ಹೆಸರು ಕೇಳಿ ಮೊದಮೊದಲು ಹಿಂದೆ ಇನ್ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು.

ಪಾಠ ಹೇಳುತ್ತಿದ್ದಾಕೆ ನನಗಿಂತ ಸ್ವಲ್ಪ ಚಿಕ್ಕವರು. ಮಾತು ಕಡಿಮೆ. ಬೆಳಿಗ್ಗೆ ಗುಡ್ಡಕ್ಕೋ ಸಮುದ್ರದ ದಂಡೆಗೋ ಕರೆದುಕೊಂಡು ಹೋಗಿ ಗಿಡ ಹುಡುಕಿಸುತ್ತಿದ್ದರು. ಬಂದು ಅದನ್ನು ಒತ್ತುಕಾಗದದ ನಡುವೆ ಹರಡಿ, ಮರದ ಚೌಕಟ್ಟಿನಲ್ಲಿ ಬಿಗಿಯಬೇಕು. ಕಾಗದ ಗಿಡದ ನೀರನ್ನು ಹೀರುತ್ತದೆ. ಪ್ರತಿದಿನ ಒದ್ದೆ ಕಾಗದ ತೆಗೆದು ಒಣ ಕಾಗದ ಹಾಕಬೇಕು. ಒಂದು ದಿನ ತಪ್ಪಿದರೂ ಗಿಡ ಕಪ್ಪಾಗುತ್ತದೆ. ಚೆನ್ನಾಗಿ ಒಣಗಿಸಿದರೂ ಆಕಾರ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ಆದ್ದರಿಂದ ಹೂವು ಹಸಿಯಾಗಿರುವಾಗಲೇ ಅದರ ಬಣ್ಣವನ್ನು ಬರೆದಿಟ್ಟುಕೊಳ್ಳಿ ಎಂದು ಮೊದಲ ದಿನವೇ ಹೇಳಿದ್ದರು. ಶಾಲೆಯಲ್ಲಿ ನಾವು ಇಟ್ಟಿಗೆ ಹೇರಿ ವಾರಗಟ್ಟಲೆ ಮರೆತುಬಿಡುತ್ತಿದ್ದದ್ದು ನೆನಪಾಯಿತು. ಕಲಿಸಿದೀಯ, ಕಲಿತಿದೀಯಾ ಎಂದವರಿಗೆ ಇದನ್ನು ಹೇಳಬೇಕು ಎಂದುಕೊಂಡೆ.

ಹೇಳುವ ದಾರಿ ಇರಲಿಲ್ಲ. ಹೋದ ಹೊಸತರಲ್ಲಿ ಒಂದು ಸಲ ತಂಗಿ ವಿಡಿಯೋ ಕರೆ ಮಾಡಿದ್ದಳು. ಅವರು ಫೋನಿನಲ್ಲಿ ನನ್ನ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಮತ್ತೆ ಫೋನು ನೋಡಿದರು. ಫೋನನ್ನು ಕಿತ್ತುಕೊಂಡು ಹಿಂದೆ ತಿರುಗಿಸಿ ಹುಡುಕಿದರು. "ಯಾರನ್ನೇ ಇದ್ರಲ್ಲಿ ಕೂಡಿ ಹಾಕಿದೀಯ? ತೆಗಿಯೇ ಅವಳನ್ನ!" ಎಂದು ಕೂಗಾಡಿದರಂತೆ. ಆ ದಿನ ಊಟ ಮಾಡಲಿಲ್ಲ, ಪಾರ್ಕಿಗೂ ಹೋಗಲಿಲ್ಲ. ದಿನಚರಿ ಕೆಟ್ಟಿತು. ಇನ್ನು ಮೇಲೆ ನನ್ನ ಮುಖ ತೋರಿಸಬೇಡ, ದನಿ ಕೇಳಿಸಬೇಡ ಎಂದು ನಾನೇ ಹೇಳಿದೆ. ಬದಲಿಗೆ ತಂಗಿ ದೀಪ ಹಚ್ಚಿದ ಮೇಲೆ ಒಂದು ಧ್ವನಿ ಸಂದೇಶ ಕಳಿಸಬೇಕು ಎಂದು ಮಾಡಿಕೊಂಡೆವು. ಇವತ್ತು ಏನು ತಿಂದರು, ಎಷ್ಟು ನಡೆದರು, ನಿದ್ದೆ ಹೇಗಿತ್ತು.

ಸಂದೇಶಗಳು ಚೆನ್ನಾಗಿಯೇ ಬರುತ್ತಿದ್ದವು. "ಇವತ್ತು ಎರಡು ದೋಸೆ ತಿಂದ್ರು ಅಕ್ಕ." "ಪಾರ್ಕಲ್ಲಿ ಯಾರದ್ದೋ ನಾಯಿ ಜೊತೆ ಮಾತಾಡಿದ್ರು." "ಎಲ್ಲ ಸರಿಹೋಗಿದೆ, ನೀನು ಓದ್ಕೋ." ನಾನು ದೀಪ ಆರಿಸಿ, ಅದನ್ನು ಕೇಳಿ, ಕಾಗದ ಬದಲಾಯಿಸಿ ಕೆಲಸಕ್ಕೆ ಕೂರುತ್ತಿದ್ದೆ. ಆಗ ಸಮುದ್ರದಂಡೆಯ ಬಂಡೆಯ ಸಂದಿನಲ್ಲಿ ಸಿಕ್ಕಿದ ಒಂದು ಗಿಡವನ್ನು ಒಣಗಿಸುತ್ತಿದ್ದೆ. ದಾರದಂಥ ಕಾಂಡ, ತುದಿಯಲ್ಲಿ ಗಂಟೆಯ ಆಕಾರದ ನೀಲಿ ಹೂವು. ನಮ್ಮ ಶಂಖಪುಷ್ಪಕ್ಕಿಂತ ತೆಳು ನೀಲಿ, ಬೆಳಿಗ್ಗೆಯ ಆಕಾಶದಂಥದು.

ಅಂದಿನ ಸಂದೇಶ ಬಂದಾಗ ಬಿಟಿಎಂ ಹುಡುಗಿ ಪಕ್ಕದಲ್ಲೇ ನಿಂತು ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. "ಸಖತ್ತಾಗಿದೆ ಮಿಸ್, ನಮ್ಮಮ್ಮ ಮಾಡೋದಕ್ಕಿಂತ ಖಾರ." ಸಂದೇಶವನ್ನು ಕೇಳಲು ಹಾಕಿದೆ. ತಂಗಿ ಎಂದಿನಂತೆ ಊಟದ ವಿಷಯ ಹೇಳುತ್ತಿದ್ದಳು. ಹಿಂದಿನಿಂದ ಅವರ ದನಿ ಕೇಳಿಸಿತು. ಬಹಳ ಹತ್ತಿರದಿಂದ, ಬಹಳ ಹಗುರಾಗಿ, ಕಾಯಿಲೆಗೆ ಮುಂಚಿನ ದನಿ. "ಏ ಇವಳೇ, ಎಲ್ಲಿದೀಯೇ? ಬಾರೇ ಇಲ್ಲಿ, ಕೂತ್ಕೋ." ತಂಗಿ ಮಾತು ನಿಲ್ಲಿಸಿ, "ಬಂದೆ ರೀ" ಎಂದಳು. ಸಲೀಸಾಗಿ ಎಂದಳು. ಸಂದೇಶ ಮುಗಿಯಿತು.

ಮೊದಲು ಬಂದದ್ದು ಸಂತೋಷವೇ. ನನ್ನ ವಿದ್ಯಾರ್ಥಿನಿ ತೇರ್ಗಡೆಯಾಗಿದ್ದಳು.

ಹುಡುಗಿ ಬೆರಳು ನೆಕ್ಕುತ್ತ, "ಅಂಕಲ್ ಯಾರನ್ನ ಕರೀತಿರೋದು ಮಿಸ್?" ಎಂದಳು.

"ನನ್ನನ್ನ" ಎಂದೆ.

"ನೀವು ಇಲ್ಲಿದೀರಲ್ಲ?"

ಅವಳು ತಮಾಷೆಗೆ ಕೇಳಿದ್ದು. ಉತ್ತರಕ್ಕೂ ಕಾಯದೆ ಲೋಟ ತೊಳೆಯಲು ಹೋದಳು. ನಾನು ಆ ಸಂದೇಶವನ್ನು ಮತ್ತೆ ಹಾಕಿದೆ. ಮತ್ತೆ ಮತ್ತೆ ಹಾಕಿದೆ. ಆ ಕರೆಯಲ್ಲಿ ನನ್ನ ಹೆಸರಿರಲಿಲ್ಲ. ಎಂದೂ ಇರಲಿಲ್ಲ. ಆ ಸೀರೆಯಲ್ಲಿ, ಆ ಹೊತ್ತಿಗೆ, ಆ ಉತ್ತರ ಕೊಡುವ ಯಾರಿಗಾದರೂ ಅದು ಸಲ್ಲುತ್ತಿತ್ತು. ಸಲ್ಲುವಂತೆ ಮಾಡಿ ಬಂದವಳು ನಾನು.

ಅಂದು ಕಾಗದ ಬದಲಾಯಿಸುವುದನ್ನು ಮರೆತೆ. ಬೇಸಿಗೆ ಶಾಲೆಯಲ್ಲಿ ನಾನು ಮರೆತದ್ದು ಅದೊಂದೇ ಸಲ. ಮರುದಿನ ತೆರೆದಾಗ ನೀಲಿ ಹೂವು ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ಪಾಠ ಹೇಳುವಾಕೆ ನೋಡಿದರು. ಇನ್ನೊಂದು ಹುಡುಕೋಣ ಎಂದರು. ನಾನು ಬೇಡವೆಂದು ಅದನ್ನೇ ಹಾಳೆಗೆ ಹೊಲಿದೆ.

ತಂಗಿಗೆ ಫೋನು ಮಾಡಿ, ಬಂದುಬಿಡಲಾ ಎಂದು ಕೇಳಿದೆ.

"ಯಾಕಕ್ಕ? ಇಲ್ಲೆಲ್ಲ ಸರಿಯಾಗಿದೆ. ಈಗ ಬಂದು ಕೆಡಿಸ್ಬೇಡ" ಎಂದಳು. ಕೂಡಲೇ, "ಹಾಗಲ್ಲ, ನಾನು ಹೇಳಿದ್ದು..." ಎಂದು ನಿಲ್ಲಿಸಿದಳು. ಅವಳು ಏನು ಹೇಳಿದಳೆಂದು ನನಗೆ ತಿಳಿಯಿತು. ಅಲ್ಲೇ ಇದ್ದು ಶಾಲೆ ಮುಗಿಸಿದೆ. ಕೊನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ನನ್ನ ಹೆಸರು ಕೂಗಿದಾಗ ಬಿಟಿಎಂ ಹುಡುಗಿ ಶಿಳ್ಳೆ ಹಾಕಿದಳು.

ವಿಮಾನ ನಿಲ್ದಾಣದಿಂದ ನೇರವಾಗಿ ಮನೆಗೆ ಹೋಗಲಿಲ್ಲ. ಕಾರನ್ನು ಜಯನಗರದ ಮಾರುಕಟ್ಟೆಯ ಕಡೆ ತಿರುಗಿಸಲು ಹೇಳಿ, ಕರಿಬೇವು ಕೊಂಡೆ. ಪೆಟ್ಟಿಗೆಯನ್ನು ಪಕ್ಕದ ಮನೆಯ ಗೇಟಿನೊಳಗೆ ಇಟ್ಟು, ತರಕಾರಿ ಚೀಲವನ್ನು ಹೆಗಲಿಗೆ ಹಾಕಿಕೊಂಡೆ. ಹೋದದ್ದು ತರಕಾರಿಗೆ, ಬರುವುದೂ ತರಕಾರಿಯಿಂದಲೇ ಆಗಬೇಕು. ಇದೂ ಲೆಕ್ಕವೇ.

ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಸ್ವಲ್ಪ ಮೈ ತುಂಬಿಕೊಂಡಿದ್ದರು. ಅಂಗಿ ಇಸ್ತ್ರಿಯಾಗಿತ್ತು. ನಾನು ಗೇಟು ತೆಗೆದು, "ಬಂದೆ ರೀ" ಎಂದೆ.

ಅವರು ಎದ್ದು ನಿಂತರು. ಮನೆಗೆ ಬಂದವರನ್ನು ಕಂಡರೆ ಎದ್ದು ನಿಲ್ಲುವುದು ಅವರ ಅಭ್ಯಾಸ. "ಬನ್ನಿ ಬನ್ನಿ" ಎಂದರು. ಚೀಲದೊಳಗೆ ಇಣುಕಿ ನೋಡಿ ಒಳಗೆ ಕೂಗಿದರು: "ಏ ಇವಳೇ, ಯಾರೋ ಮೇಡಂ ಬಂದಿದಾರೆ ನೋಡೇ. ಪಾಪ, ಕರಿಬೇವು ತಂದಿದಾರೆ."

ತಂಗಿ ಒಳಗಿನಿಂದ ಬಂದಳು. ನನ್ನ ಬೂದು ಬಣ್ಣದ ಸೀರೆ ಉಟ್ಟಿದ್ದಳು. ಹಣೆಯಲ್ಲಿ ಕುಂಕುಮವಿತ್ತು. ಅವಳ ಗಂಡ ಹೋದಂದಿನಿಂದ ಅವಳು ಇಡುತ್ತಿದ್ದದ್ದು ಸಾಸಿವೆಯಷ್ಟು ಕಪ್ಪು ಸ್ಟಿಕರ್. ನನ್ನ ಕಣ್ಣು ಎಲ್ಲಿ ನಿಂತಿತೆಂದು ಅವಳಿಗೆ ಗೊತ್ತಾಯಿತು. ಕೈ ಹಣೆಗೆ ಹೋಯಿತು.

"ಅವರೇ ಕೇಳಿದ್ರು ಅಕ್ಕ, ಹಣೆ ಯಾಕೆ ಬರಿದು ಅಂತ. ಇಡೋ ತನಕ ತಿಂಡಿ ಮುಟ್ಟಲಿಲ್ಲ" ಎಂದಳು. ಅದು ನನ್ನ ಪಾಠದಲ್ಲಿ ಇರಲಿಲ್ಲ. ಅಡುಗೆಮನೆಗೆ ಹೋಗಿ ಇಬ್ಬರೂ ನಿಂತೆವು. ಅವಳು ಅತ್ತಳು. ನಾನು ಕರಿಬೇವು ಬಿಡಿಸಿ ಡಬ್ಬಿಗೆ ಹಾಕಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಕೆಲವು ದಿನಗಳಲ್ಲಿ ಸರಿಯಾಗುತ್ತದೆ ಎಂದುಕೊಂಡೆ. ಒಂದು ಬೆಳಿಗ್ಗೆ ತಂಗಿಯನ್ನು ಶ್ರೀನಗರಕ್ಕೆ ಕಳಿಸಿದೆ. ನನ್ನ ಸೀರೆ ನಾನು ಉಟ್ಟೆ. ನನ್ನ ಫಿಲ್ಟರಿನಲ್ಲಿ ನಾನು ಡಿಕಾಕ್ಷನ್ ಹಾಕಿದೆ. ಅವರು ಕಾಫಿ ಕುಡಿದರು, ಮೀಟರ್ ಮುಂದೆ ನಿಂತರು, ಅಂಕಿ ಓದಿದರು. "ಏ ಇವಳೇ, ಸರಿ ಇದೆಯೇನೇ?"

"ಸರಿ ಇದೆ, ಬನ್ನಿ ರೀ" ಎಂದೆ.

ಬಂದರು. ದನಿ ಅದೇ ಅಲ್ಲವೇ? ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ನಿಂತರು. ಕ್ಷಮಿಸಿ ಎನ್ನುವ ಹಾಗೆ ತಲೆ ಆಡಿಸಿ, ತಿರುಗಿ ಮೀಟರಿನ ಹತ್ತಿರ ಹೋದರು. ಮತ್ತೆ ಮೊದಲಿನಿಂದ ಅಂಕಿ ಓದಿದರು. ಮತ್ತೆ ಕರೆದರು. ಈ ಸಲ ನಾನು ಉತ್ತರ ಕೊಡಲಿಲ್ಲ. ಬಿಸಿಲು ಏರಿತು. ಅವರು ಅಲ್ಲೇ ನಿಂತಿದ್ದರು. ತಂಗಿಗೆ ಫೋನು ಮಾಡಿದೆ. ಅವಳು ಆಟೋದಿಂದ ಇಳಿದು ಗೇಟಿನ ಹತ್ತಿರ ಬಂದು, "ಸರಿ ಇದೆ, ನಡೀರಿ ಒಳಗೆ" ಎಂದು ಕೈ ಹಿಡಿದಳು. "ಎಲ್ಲಿ ಹೋಗಿದ್ಯೇ?" ಎಂದು ಗದರಿಕೊಂಡೇ ಅವಳ ಜೊತೆ ಒಳಗೆ ಹೋದರು.

ವೈದ್ಯರು ಸಮಾಧಾನ ಹೇಳಿದರು. ಹೀಗಾಗುತ್ತದೆ ಎಂದರು. ಈಗಿರುವುದನ್ನು ಕದಲಿಸಬೇಡಿ ಎಂದರು. ಅದೇ ಮಾತು.

ಈಗ ತಂಗಿ ಕುಚ್ಚಿನ ಕೆಲಸವನ್ನು ನಮ್ಮ ಮನೆಯ ಹಾಲಿಗೇ ತಂದಿದ್ದಾಳೆ. ನಾನು ಮೇಲಿನ ಮನೆಯಲ್ಲಿದ್ದೇನೆ. ಅದನ್ನು ಮತ್ತೆ ಬಾಡಿಗೆಗೆ ಕೊಡಲಿಲ್ಲ. ಅಡುಗೆ ಇಬ್ಬರೂ ಹಂಚಿಕೊಂಡು ಮಾಡುತ್ತೇವೆ. ಸಾರು ನನ್ನದೇ, ಅವರಿಗೆ ಗೊತ್ತಿಲ್ಲ. ತಂಗಿ ಒಮ್ಮೆ, "ನಿನ್ನ ಮನೇನ ನಾನು ಕಿತ್ಕೊಂಡ ಹಾಗಾಯ್ತಲ್ಲಕ್ಕ" ಎಂದಳು. "ನಿನ್ನನ್ನ ನಿನ್ನ ಮನೆಯಿಂದ ಕಿತ್ಕೊಂಡು ಬಂದಿದ್ದು ನಾನು. ಸುಮ್ನೆ ಇರು" ಎಂದೆ. ಅದಕ್ಕಿಂತ ಹೆಚ್ಚು ಆ ವಿಷಯ ನಾವು ಮಾತಾಡಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು ಅವಳಿಗೆ ಮುಜುಗರವಾಗುತ್ತಿತ್ತು. ಅದಕ್ಕೆ ಒಬ್ಬ ಸಹಾಯಕನನ್ನು ಗೊತ್ತು ಮಾಡಿದೆ. ಅವರ ದಿನ ನೆಟ್ಟಗಿದೆ. ಅದನ್ನು ಮಹಡಿಯ ಮೇಲಿನಿಂದ ಕೇಳುತ್ತೇನೆ. ಬೆಳಿಗ್ಗೆ ಅಂಕಿ ಓದುವುದು ಕೇಳಿಸುತ್ತದೆ. ಉತ್ತರ ಬರುವವರೆಗೆ ಉಸಿರು ಹಿಡಿದಿರುತ್ತೇನೆ.

ನನಗೂ ಒಂದು ವೇಳೆ ಸಿಕ್ಕಿದೆ. ಸಂಜೆಯ ಕಾಫಿಗೂ ದೀಪಕ್ಕೂ ನಡುವೆ. ಆ ಹೊತ್ತಿಗೆ ಕೆಳಗಿಳಿದು ಬರುತ್ತೇನೆ. ಅವರು ಎದ್ದು ನಿಂತು, ಕುರ್ಚಿ ತೋರಿಸಿ, "ಬನ್ನಿ ಮೇಡಂ" ಎನ್ನುತ್ತಾರೆ. ಯಾವಾಗಲೋ ತಂಗಿ, ಇವರು ವಿದೇಶಕ್ಕೆ ಓದೋಕೆ ಹೋಗಿದ್ದವರು ಎಂದು ಹೇಳಿದ್ದಳು. ಅದು ಹೇಗೋ ಅವರಲ್ಲಿ ಉಳಿದುಕೊಂಡಿದೆ. ಹಾಗಾಗಿ ದಿನವೂ ಕೇಳುತ್ತಾರೆ, ದಿನವೂ ಹೊಸದಾಗಿ ಕೇಳುತ್ತಾರೆ. ನಾನು ಕಪ್ಪಾದ ಹೂವಿನ ಹಾಳೆ ತಂದು ತೋರಿಸುತ್ತೇನೆ.

"ಇದು ಹೀಗೇ ಇತ್ತಾ?"

"ಇಲ್ಲ, ನೀಲಿ ಇತ್ತು. ಒಂದು ದಿನ ಕಾಗದ ಬದಲಾಯಿಸ್ಲಿಲ್ಲ, ಕಪ್ಪಾಯ್ತು."

"ಅಯ್ಯೋ, ಬದಲಾಯಿಸ್ಬೇಕಿತ್ತು."

"ಹೌದು."

"ಯಾವ ನೀಲಿ?"

ಹೇಳುತ್ತೇನೆ. ಬೆಳಿಗ್ಗೆಯ ಆಕಾಶದ ನೀಲಿ. ಅವರು ಕಣ್ಣು ಮುಚ್ಚಿ ನೋಡುತ್ತಾರೆ. ನೋಡಿ, ದನಿ ತಗ್ಗಿಸಿ, ತಂಗಿ ಕೂತ ಕಡೆಗೆ ಕಣ್ಣು ತೋರಿಸಿ, "ನಮ್ಮನೆಯವಳಿಗೂ ಇದರ ಹುಚ್ಚು. ಸ್ಕೂಲಲ್ಲಿ ಇದೇ ಕಲಿಸ್ತಿದ್ಲು. ಅವಳನ್ನೂ ಒಂದ್ಸಲ ಕಳಿಸ್ಬೇಕು" ಎನ್ನುತ್ತಾರೆ. ತಂಗಿ ತಲೆ ಎತ್ತುವುದಿಲ್ಲ. ದಾರವನ್ನು ಗಂಟು ಹಾಕುತ್ತಲೇ ಇರುತ್ತಾಳೆ.

ನಿನ್ನೆ ಒಂದು ಹೊಸ ಪ್ರಶ್ನೆ ಕೇಳಿದರು. "ಅಷ್ಟು ದೂರ ಒಬ್ರೇ ಹೋಗಿದ್ರಲ್ಲ, ಮನೇಲಿ ಒಪ್ಪಿದ್ರಾ ಮೇಡಂ?"

"ಅವರೇ ಕಳಿಸಿದ್ದು. ಅರ್ಜಿ ಹಾಕಿಸಿದ್ದೂ ಅವರೇ."

ಅವರು ಹಾಳೆಯನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು.

"ಒಳ್ಳೇ ಮನುಷ್ಯ" ಎಂದರು.

ಹೌದೆಂದೆ. ಹೊರಗೆ ಕತ್ತಲಾಗುತ್ತಿತ್ತು. "ಏ ಇವಳೇ, ದೀಪ ಹಚ್ಚೇ" ಎಂದು ಅವರು ಕರೆದರು. ಎದ್ದುಬಿಡುತ್ತಿದ್ದ ನನ್ನ ಕಾಲನ್ನು ತಡೆದುಕೊಂಡು ಕುರ್ಚಿಯಲ್ಲೇ ಕೂತೆ. ತಂಗಿ ಎದ್ದು ಒಳಗೆ ಹೋದಳು.